ಪಾಂಡಾಸ್, ಪೋಲಾರ್ಸ್, ಡಕ್‌ಡಿಬಿ: ಕನ್ನಡ ಹೆಸರಿರುವ ಫೈಲು ಜೋಡಿಸಲು ಯಾವುದು?

ಒಂದು ಸಿಎಸ್‌ವಿಯಲ್ಲಿ ಶಾಲೆಗಳ ಪಟ್ಟಿ, ಇನ್ನೊಂದರಲ್ಲಿ 2011ರ ಜನಗಣತಿಯ ಗ್ರಾಮವಾರು ಅಂಕಿ. ಎರಡರಲ್ಲೂ ಊರ ಹೆಸರು ಕನ್ನಡದಲ್ಲೇ ಇದೆ. ಇವನ್ನು ಜೋಡಿಸಿ ತಾಲ್ಲೂಕುವಾರು ಮೊತ್ತ ತೆಗೆಯುವ ಒಂದೇ ಕೆಲಸವನ್ನು ಪಾಂಡಾಸ್, ಪೋಲಾರ್ಸ್ (ಎರಡೂ ಕೋಷ್ಟಕಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿಗಳು) ಮತ್ತು ಡಕ್‌ಡಿಬಿ (ಎಸ್‌ಕ್ಯುಎಲ್ ಎಂಬ ಪ್ರಶ್ನೆಭಾಷೆಯಲ್ಲಿ ಕೆಲಸ ಮಾಡಿಸುವ ಡೇಟಾಬೇಸ್) ಮೂರರಲ್ಲೂ ಮಾಡಿಸಿ ನೋಡಿ. ಯಾವುದು ಬೇಗ ಮುಗಿಸಿತು ಎಂಬುದು ಆಮೇಲಿನ ಮಾತು, ಮೊದಲು ಉತ್ತರಗಳೇ ತಾಳೆಯಾಗುವುದಿಲ್ಲ.

ತೊಂದರೆಯ ಮೂಲ ಖಾಲಿ ಸೆಲ್‌ಗಳು. ಪಾಂಡಾಸ್‌ನ ಮರ್ಜ್ (ಎರಡು ಕೋಷ್ಟಕ ಜೋಡಿಸುವ ಫಂಕ್ಷನ್), ಜೋಡಣೆಗೆ ಆಧಾರವಾದ ಕಾಲಮ್‌ನ ಮೌಲ್ಯ ಅಂದರೆ ಕೀ ಖಾಲಿಯಿದ್ದರೆ, ಖಾಲಿ ಕೀಗೆ ಖಾಲಿ ಕೀಯನ್ನು ಹೊಂದಿಸಿಬಿಡುತ್ತದೆ. ಎಡ ಫೈಲಿನಲ್ಲಿ 300, ಬಲ ಫೈಲಿನಲ್ಲಿ 200 ಖಾಲಿ ಕೀಗಳಿದ್ದರೆ 60,000 ಸುಳ್ಳು ಸಾಲುಗಳು ಹುಟ್ಟುತ್ತವೆ, ಒಂದು ಎರರ್ ಕೂಡ ಬರುವುದಿಲ್ಲ. ಪೋಲಾರ್ಸ್ ಮತ್ತು ಡಕ್‌ಡಿಬಿ ಹೀಗೆ ಹೊಂದಿಸುವುದಿಲ್ಲ. ಸಾಲುಗಳನ್ನು ಗುಂಪು ಮಾಡಿ ಮೊತ್ತ ತೆಗೆಯುವ ಗ್ರೂಪ್‌ಬೈನಲ್ಲಿ ಪಾಂಡಾಸ್‌ನದು ಇದಕ್ಕೆ ತದ್ವಿರುದ್ಧ ನಡೆ: ತಾಲ್ಲೂಕಿನ ಹೆಸರಿಲ್ಲದ ಸಾಲುಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಉಳಿದೆರಡು ಅವನ್ನೂ ಒಂದು ಗುಂಪಾಗಿ ತೋರಿಸುತ್ತವೆ. ಪಾಂಡಾಸ್‌ನಲ್ಲೇ ಮುಂದುವರಿಯಬೇಕಿದ್ದರೆ ಕೀ ಖಾಲಿಯಿರುವ ಸಾಲುಗಳನ್ನು ಮರ್ಜ್‌ಗೆ ಮುಂಚೆ ಬೇರೆ ತೆಗೆದಿಡಿ, ಗ್ರೂಪ್‌ಬೈನಲ್ಲಿ ಡ್ರಾಪ್‌ಎನ್‌ಎ ಫಾಲ್ಸ್ ಎಂದು ಕೊಡಿ.

ಕನ್ನಡದ್ದೇ ಆದ ತೊಡಕು ಇನ್ನೊಂದಿದೆ, ಅದು ಮೂರಕ್ಕೂ ಸಮಾನ. ‘ಕೋಲಾರ’ ಪದದ ಓ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಒಂದು ರೀತಿಯಲ್ಲಿ ಪದಕ್ಕೆ 5 ಸಂಕೇತ, 15 ಬೈಟ್. ಇನ್ನೊಂದರಲ್ಲಿ 7 ಸಂಕೇತ, 21 ಬೈಟ್. ಪರದೆಯ ಮೇಲೆ ಎರಡೂ ಒಂದೇ, ಜೋಡಣೆಯಲ್ಲಿ ಮಾತ್ರ ಸೇರುವುದಿಲ್ಲ. ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೆ, ಅಂದರೆ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತಂದರೆ, ಸರಿಹೋಗುತ್ತದೆ, ಮೂರರಲ್ಲೂ ಅದಕ್ಕೆ ಸಿದ್ಧ ಫಂಕ್ಷನ್ ಇದೆ. ಆದರೆ ‘ಕೆ.ಆರ್‌. ಪೇಟೆ’ಯಂಥ ಹೆಸರಿನೊಳಗೆ ಕೆಲವು ಕೀಬೋರ್ಡ್‌ಗಳು ತೂರಿಸುವ ಅದೃಶ್ಯ ಸಂಕೇತಗಳು (ಯು+200ಸಿ, ಯು+200ಡಿ) ಇದರಿಂದ ಹೋಗುವುದಿಲ್ಲ. ಅವನ್ನು ರಿಪ್ಲೇಸ್‌ನಿಂದ ಕೀಳಬೇಕು. ಅದನ್ನೂ ಜೋಡಣೆಗೆಂದು ಮಾಡಿಕೊಂಡ ನಕಲು ಕಾಲಮ್‌ನಲ್ಲಷ್ಟೇ ಮಾಡಿ. ಮೂಲ ಹೆಸರಲ್ಲಿ ಕಿತ್ತರೆ ಎಷ್ಟೋ ಕಡೆ ಅಕ್ಷರ ಒತ್ತಕ್ಷರವಾಗಿ ಕೂರುತ್ತದೆ.

ಇಷ್ಟಾದರೂ ಸೇರದೆ ಉಳಿದ ಹೆಸರುಗಳನ್ನು ಹುಡುಕುವಾಗ ಡಕ್‌ಡಿಬಿ ಮನಸ್ಸಿಗೆ ಹಿಡಿಸುತ್ತದೆ. ಆಂಟಿ ಜಾಯಿನ್ ಎಂದು ಬರೆದರೆ ಒಂಟಿ ಸಾಲುಗಳು ಎದುರಿಗೆ ಬರುತ್ತವೆ. ಪೋಲಾರ್ಸ್‌ನಲ್ಲೂ ಇದು ಉಂಟು. ಅಲ್ಲಿ ಸಿಗುವುದು ಬಹುಪಾಲು ನಿಜವಾದ ಹೆಸರು ಬದಲಾವಣೆ: 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2011ರಲ್ಲಿ 30 ಜಿಲ್ಲೆಗಳಿದ್ದವು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31 ಆದವು. ಹಳೆ-ಹೊಸ ಹೆಸರುಗಳ ಒಂದು ಕೋಷ್ಟಕವನ್ನು ಕೈಯಾರೆ ಮಾಡಿಕೊಳ್ಳದೆ ವಿಧಿಯಿಲ್ಲ.

ಫೈಲು ಓದುವಾಗ ಪೋಲಾರ್ಸ್ ಮೊದಲ 100 ಸಾಲು ನೋಡಿ ಕಾಲಮ್‌ನ ಬಗೆ ತೀರ್ಮಾನಿಸುತ್ತದೆ. 5,000ನೇ ಸಾಲಿನ ಸಂಖ್ಯೆಯ ಜಾಗದಲ್ಲಿ ‘ಇಲ್ಲ’ ಎಂದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಕಿರಿಕಿರಿ ಅನ್ನಿಸಿದರೂ ಇದು ಒಳ್ಳೆಯ ಗುಣ. ಡಕ್‌ಡಿಬಿ 20,480 ಸಾಲುಗಳನ್ನು ನೋಡುತ್ತದೆ, ಸ್ಯಾಂಪಲ್ ಸೈಜ್ -1 ಎಂದರೆ ಇಡೀ ಫೈಲನ್ನೇ. ಪಾಂಡಾಸ್‌ನಲ್ಲಿ ಪಿನ್‌ಕೋಡ್ ಕಾಲಮ್‌ನ ಒಂದೇ ಒಂದು ಸೆಲ್ ಖಾಲಿಯಿದ್ದರೂ 560001 ಹೋಗಿ 560001.0 ಆಗುತ್ತದೆ, ಅದನ್ನು ಪಠ್ಯವಾಗಿಸಿ ಜೋಡಿಸಹೊರಟರೆ ಒಂದೂ ಸೇರದು. ಪಿನ್‌ಕೋಡ್‌ನಂಥ ಸಂಖ್ಯೆಗಳನ್ನು ಮೂರರಲ್ಲೂ ಮೊದಲಿಂದಲೇ ಪಠ್ಯವಾಗಿ ಓದಿಸಿ.

ಜೋಡಣೆ, ತಪಾಸಣೆಗೆ ನನ್ನ ಆಯ್ಕೆ ಡಕ್‌ಡಿಬಿ. ಮೆಮೊರಿ ಸಾಲದಾದಾಗ ಡಿಸ್ಕಿಗೆ ಬರೆದುಕೊಂಡು ಕೆಲಸ ಮುಂದುವರಿಸುತ್ತದೆ, ಜೊತೆಗೆ ಎಸ್‌ಕ್ಯುಎಲ್ ಬಲ್ಲ ಯಾವ ಸ್ವಯಂಸೇವಕರಾದರೂ ಓದಿ ತಪ್ಪು ಹಿಡಿಯಬಹುದು. ಪ್ರತಿ ವಾರ ತಾನಾಗಿ ಓಡಬೇಕಾದ ಪೈಪ್‌ಲೈನ್‌ಗೆ ಪೋಲಾರ್ಸ್. ಹಳೆಯ ಎನ್‌ಕೋಡಿಂಗ್‌ನ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಫೈಲು ಬಂದರೆ ಮಾತ್ರ ಪಾಂಡಾಸ್, ಪೈಥಾನ್ ಬಲ್ಲ ಎನ್‌ಕೋಡಿಂಗ್‌ಗಳನ್ನೆಲ್ಲ ಅದು ನೇರವಾಗಿ ಓದುತ್ತದೆ. ನುಡಿ ಆಸ್ಕಿಯಲ್ಲಿ ಬೆರಳಚ್ಚಿಸಿದ ಪಠ್ಯವಾದರೆ ಮೂರೂ ಕೈಚೆಲ್ಲುತ್ತವೆ. ಅದು ಎನ್‌ಕೋಡಿಂಗ್ ಅಲ್ಲ, ಫಾಂಟಿನ ವೇಷ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದುಕೊಳ್ಳಬೇಕು.

ಫಲಿತಾಂಶದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಕಳಿಸುವಾಗ ಪೋಲಾರ್ಸ್‌ನಲ್ಲಿ ಇನ್‌ಕ್ಲೂಡ್ ಬಾಮ್, ಪಾಂಡಾಸ್‌ನಲ್ಲಿ ಯುಟಿಎಫ್-8-ಸಿಗ್ ಕೊಡಿ, ಇದು ಯೂನಿಕೋಡ್ ಫೈಲು ಎಂದು ಎಕ್ಸೆಲ್‌ಗೆ ತಿಳಿಸುವ ಗುರುತು ಆಗ ಫೈಲಿನ ಮೊದಲಲ್ಲಿ ಸೇರುತ್ತದೆ. ಇಲ್ಲವಾದರೆ ಡಬಲ್ ಕ್ಲಿಕ್ ಮಾಡಿದೊಡನೆ ಕನ್ನಡವೆಲ್ಲ ಗೀಚುಗೀಚಾಗಿ ಕಾಣುತ್ತದೆ.