ಆನೆ ಹೊಡೆದರೆ 1100, ಓಡಿಸಿದರೆ ಎಷ್ಟು? ಡಿ ಅಂಡ್ ಡಿ ಪುಕ್ಕಟೆ ನಿಯಮಗಳ ಬಗ್ಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ, ಕಥೆ ಕಟ್ಟುತ್ತಾ ಆಡುವ ಸಾಹಸದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡ್ತೀವಿ ಅಂತ ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ಅಂತ ದಾಳ ಹೇಳುತ್ತದೆ. ಇದರ ಐದನೇ ಆವೃತ್ತಿಯ ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ. ಎಸ್‌ಆರ್‌ಡಿ 5.1 ಅಂತ ಹೆಸರು. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. ಮೂಲ ಯಾರದ್ದು ಅಂತ ಹೇಳಿದರೆ ಸಾಕು, ತಿದ್ದಬಹುದು, ಕನ್ನಡಕ್ಕೂ ತರಬಹುದು. ನಮ್ಮ ಕೊಡಗಿನ ಸೋಮವಾರಪೇಟೆ ಕಡೆ ಮಳೆಗಾಲ ಅಂದ್ರೆ ಕರೆಂಟು ಇಲ್ಲ, ಟವರ್ ಇಲ್ಲ. ಕಾಗದ, ಪೆನ್ಸಿಲ್, ಬಾಯಿ ಇದ್ದರೆ ಆಡಬಹುದಾದ ಆಟ ನಮಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಕಥೆ ನಡೆಸುತ್ತೇನೆ, ಅಂದರೆ ಡಿಎಂ. ಭಾವ, ತಮ್ಮ, ಚಿಕ್ಕಪ್ಪನ ಮಗಳು, ಪಕ್ಕದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗ ಒಂದೊಂದು ಪಾತ್ರ ಆಡುತ್ತಾರೆ. ಇಪ್ಪತ್ತು ಮುಖದ ದಾಳ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಚೊಂಬಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಚೀಟಿ ಹಾಕಿ ಎತ್ತಿದರೂ ಆಟ ನಡೆಯುತ್ತದೆ.

ಕ್ಲಾಸ್ ಅಂದರೆ ಪಾತ್ರದ ಕಸುಬು. ಆ ಭಾಗ ಚೆನ್ನಾಗಿದೆ. ಒಟ್ಟು 12 ಇವೆ. ಒಂದೊಂದು ಕ್ಲಾಸ್ ಕೈಯಲ್ಲಿ ಒಂದೊಂದು ಥರ ಅನಿಸುತ್ತದೆ. ಒರಟು ಯೋಧ ಬಾರ್ಬೇರಿಯನ್‌ನ ಜೀವದ ದಾಳ (ಎಷ್ಟು ಏಟು ತಾಳುತ್ತಾನೆ ಅಂತ ಹೇಳುವ ದಾಳ) 12 ಮುಖದ್ದು, ಮಂತ್ರವಾದಿ ವಿಝರ್ಡ್‌ದು 6 ಮುಖದ್ದು. ಅಷ್ಟರಲ್ಲೇ ಯಾರು ಮುಂದೆ ನಿಲ್ಲಬೇಕು, ಯಾರು ಮರದ ಹಿಂದೆ ಅಡಗಬೇಕು ಅಂತ ಗೊತ್ತಾಗುತ್ತದೆ. ಪಾತ್ರ ಆಡುತ್ತಾ ಆಡುತ್ತಾ ಲೆವೆಲ್ ಅನ್ನುವ ಮೆಟ್ಟಿಲು ಏರುತ್ತದೆ. ಐದನೇ ಲೆವೆಲ್ ಬಂದಾಗ ಎಲ್ಲರಿಗೂ ಒಟ್ಟಿಗೆ ಬಲ ಬರುತ್ತದೆ. ಫೈಟರ್‌ಗೆ ಒಂದೇ ಸರದಿಯಲ್ಲಿ ಎರಡು ಏಟು, ವಿಝರ್ಡ್‌ಗೆ ಎಂಟು ದಾಳದಷ್ಟು ಪೆಟ್ಟು ಕೊಡುವ ಬೆಂಕಿಯ ಮಂತ್ರ ಫೈರ್‌ಬಾಲ್. ಯಾರೂ ಯಾರ ಮುಂದೆಯೂ ಸಣ್ಣವರಾಗುವುದಿಲ್ಲ. ಇದನ್ನು ಲೆಕ್ಕ ಹಾಕಿ ಕೂರಿಸಿದವರಿಗೆ ಒಂದು ಲೋಟ ಕಾಫಿ ನನ್ನ ಕಡೆಯಿಂದ. ಆದರೆ ಪುಕ್ಕಟೆ ಕಡತದಲ್ಲಿ ಪ್ರತಿ ಕ್ಲಾಸಿಗೂ ಒಂದೇ ಒಂದು ಉಪವಿಭಾಗ ಕೊಟ್ಟಿದ್ದಾರೆ. ಇಬ್ಬರು ಫೈಟರ್ ಆದರೆ ಇಬ್ಬರೂ ಚಾಂಪಿಯನ್ ಅನ್ನುವ ಅದೊಂದೇ ಉಪವಿಭಾಗ.

ಕಾಡು ಬಲ್ಲ ರೇಂಜರ್ ಅನ್ನುವ ಕ್ಲಾಸ್ ಮಾತ್ರ ನನಗೆ ಹಿಡಿಸಲಿಲ್ಲ. ಓದುವಾಗ ಬಹಳ ದೊಡ್ಡವನ ಹಾಗೆ ಕಾಣುತ್ತಾನೆ. ತಾನು ಆರಿಸಿಕೊಂಡ ಕಾಡಿನಲ್ಲಿ ಅವನ ತಂಡ ಮಾಯೆಯಿಂದಲ್ಲದೆ ದಾರಿ ತಪ್ಪುವುದಿಲ್ಲ. ಮುಳ್ಳು, ಕೆಸರು, ಕಡಿದಾದ ಜಾಗ ಯಾವುದೂ ಪ್ರಯಾಣದ ವೇಗ ತಗ್ಗಿಸುವುದಿಲ್ಲ. ಹುಡುಕಿದರೆ ದುಪ್ಪಟ್ಟು ಆಹಾರ. ಸರಿ, ಹಾಗಾದರೆ ಕಾಡಿನಲ್ಲಿ ಇನ್ನೇನು ಉಳಿಯಿತು? ಪುಷ್ಪಗಿರಿ ಕಡೆ ಮಂಜು ಇಳಿದಾಗ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ, ಇಂಬಳ ಕಾಲಿಗೆ ಏರಿದ್ದೂ ತಿಳಿಯುವುದಿಲ್ಲ. ನಮ್ಮ ಕಥೆಯ ಮಜಾ ಇರುವುದೇ ಅಲ್ಲಿ. ಕಾಡು ಗೊತ್ತಿರುವವನು ತಂಡದಲ್ಲಿದ್ದರೆ ಕಾಡಿನ ಕಥೆ ಜಾಸ್ತಿ ಆಗಬೇಕು, ಇಲ್ಲಿ ಕಾಡೇ ಮಾಯ. ಎರಡನೇ ಲೆವೆಲ್ಲಿನಲ್ಲಿ ಗುಡ್‌ಬೆರಿ ಮಂತ್ರ ತೆಗೆದುಕೊಂಡರಂತೂ ಹತ್ತು ಹಣ್ಣು ಬರುತ್ತವೆ, ಒಂದೊಂದು ಹಣ್ಣು ಒಬ್ಬರ ಇಡೀ ದಿನದ ಊಟ. ಬುತ್ತಿ ಕಟ್ಟುವ ಚಿಂತೆಯೂ ಹೋಯಿತು.

ನಮ್ಮ ಮನೆಯ ತಿದ್ದುಪಡಿ ಹೀಗಿದೆ. ರೇಂಜರ್ ತನ್ನ ಕಾಡಿನಲ್ಲಿ ದಿನಕ್ಕೆ ಮೂರು ಪ್ರಶ್ನೆ ಕೇಳಬಹುದು, ನಾನು ಸುಳ್ಳು ಹೇಳುವ ಹಾಗಿಲ್ಲ. "ಈ ತೊರೆ ಎಲ್ಲಿಗೆ ಹೋಗುತ್ತೆ?" "ಇಲ್ಲಿ ನೆನ್ನೆ ಯಾರು ಮಲಗಿದ್ರು?" ದಾರಿ ತಪ್ಪುವ ಸಾಧ್ಯತೆ ಇದ್ದೇ ಇದೆ, ಆದರೆ ತಪ್ಪದ ಹಾಗೆ ನೋಡಿಕೊಳ್ಳಲು ಅವನ ಹತ್ತಿರ ಉಪಾಯ ಇದೆ. ಲೈನ್ ಮನೆ ಹುಡುಗ ರೇಂಜರ್ ಆಡುತ್ತಾನೆ. ಅವನು ಕೇಳುವ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಥೆ ನಾನು ಅಂದುಕೊಳ್ಳದ ಕಡೆಗೆಲ್ಲ ಹೋಗುತ್ತದೆ.

ಈಗ ಎಕ್ಸ್‌ಪಿ, ಅಂದರೆ ಅನುಭವದ ಅಂಕಗಳು. ಇವು ಕೂಡಿದಂತೆ ಲೆವೆಲ್ ಏರುತ್ತದೆ. ನನ್ನ ದೊಡ್ಡ ತಕರಾರು ಇದರದ್ದೇ. ಎರಡನೇ ಲೆವೆಲ್ಲಿಗೆ ಒಟ್ಟು 300, ಮೂರಕ್ಕೆ 900, ನಾಲ್ಕಕ್ಕೆ 2700, ಐದಕ್ಕೆ 6500, ಇಪ್ಪತ್ತಕ್ಕೆ 355000. ಪಟ್ಟಿಯಲ್ಲಿ ಒಂದು ವಿಚಿತ್ರ ಇದೆ. ಹತ್ತರಿಂದ ಹನ್ನೊಂದಕ್ಕೆ ಇನ್ನೂ 21000 ಬೇಕು, ಹನ್ನೊಂದರಿಂದ ಹನ್ನೆರಡಕ್ಕೆ 15000 ಸಾಕು. ಏರು ಹತ್ತಿದ ಮೇಲೆ ಒಂದು ಇಳಿಜಾರು! ಇರಲಿ, ಅಷ್ಟು ಮೇಲೆ ನಾವು ಯಾವಾಗ ಹೋಗ್ತೀವೋ.

ತೊಂದರೆ ಇರುವುದು ಅಂಕ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ. ಒಂದು ಗಾಬ್ಲಿನ್ (ಕುಳ್ಳ ದುಷ್ಟ ಜೀವಿ) ಹೊಡೆದರೆ 50. ನಾಲ್ವರು ಹಂಚಿಕೊಂಡು ಎರಡನೇ ಲೆವೆಲ್ ಮುಟ್ಟಲು 24 ಗಾಬ್ಲಿನ್ ಬೀಳಬೇಕು. ಆನೆಗೆ 1100. ನಮ್ಮ ಕಥೆಯಲ್ಲಿ ಆನೆ ತೋಟಕ್ಕೆ ನುಗ್ಗಿದಾಗ ತಮ್ಮ ಕಾಗದದ ಮೇಲೆ ಲೆಕ್ಕ ಹಾಕಿ, "ಭಾವ, ಹೊಡೆದ್ರೆ ತಲೆಗೆ 275! ಇನ್ನು 25 ಅಷ್ಟೇ ಬಾಕಿ" ಅಂದ. ಕೊಡಗಿನಲ್ಲಿ ಹುಟ್ಟಿ ಬೆಳೆದ ಹುಡುಗ! ನಿಜವಾದ ಆನೆ ಬಂದರೆ ಪಟಾಕಿ ಹೊಡೆದು, ಕೂಗಿ, ಕಾಡಿಗೆ ತಿರುಗಿಸುವುದು ಹೇಗೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಪಟ್ಟಿ ನೋಡಿದ ಕೂಡಲೇ ಕತ್ತಿ ಹಿರಿದ. ಅವನದ್ದು ತಪ್ಪಲ್ಲ. ಅಂಕ ಎಲ್ಲಿದೆಯೋ ಆಟಗಾರ ಅಲ್ಲಿಗೇ ಹೋಗುತ್ತಾನೆ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಅಪಾಯವನ್ನು ಬೇರೆ ರೀತಿ ನಿವಾರಿಸಿದರೂ ಡಿಎಂ ಅಂಕ ಕೊಡಬಹುದು ಅಂತ ಮಾನ್‌ಸ್ಟರ್‌ಗಳ ಭಾಗದಲ್ಲಿ ಒಂದು ಸಾಲು ಇದೆ. ಒಂದೇ ಸಾಲು. ಎಷ್ಟು, ಯಾವಾಗ, ಅದೆಲ್ಲ ನಮ್ಮ ತಲೆಗೆ ಬಿಟ್ಟಿದ್ದಾರೆ.

ಹಳೆಯ ಆಟದಲ್ಲಿ ಇದಕ್ಕೆ ಉತ್ತರ ಇತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಆಟದಲ್ಲಿ ತಂದ ಚಿನ್ನಕ್ಕೂ ಅಂಕ, ಒಂದು ನಾಣ್ಯಕ್ಕೆ ಒಂದು. ಜಗಳ ಆಡದೆ ಚಿನ್ನ ಎತ್ತಿಕೊಂಡು ಬಂದವನೇ ಜಾಣ. ಆಗ ಕ್ಲಾಸಿಗೊಂದು ಪಟ್ಟಿಯೂ ಇತ್ತು. 1981ರ ಬೇಸಿಕ್ ನಿಯಮದಲ್ಲಿ ಎರಡನೇ ಲೆವೆಲ್ಲಿಗೆ ಕಳ್ಳನಿಗೆ 1200 ಸಾಕು, ಮಂತ್ರವಾದಿಗೆ 2500 ಬೇಕು. ಈಗ ಎಲ್ಲರಿಗೂ ಒಂದೇ ಪಟ್ಟಿ. ಅದು ಒಳ್ಳೆಯದೇ, ಲೆಕ್ಕ ಕಮ್ಮಿ.

ನಾವು ಎರಡನ್ನೂ ಬೆರೆಸಿದ್ದೇವೆ. ಕೊಲ್ಲದೆ ಅಪಾಯ ಕಳೆದರೆ ಪೂರ್ತಿ ಅಂಕ, ಕೊಂದರೆ ಅರ್ಧ, ಆನೆ ಸತ್ತರೆ ಸೊನ್ನೆ. ಜೊತೆಗೆ ಕಾಡು ದಾಟಿಸಿ ಸಂತೆಗೆ ಮುಟ್ಟಿಸಿದ ಸರಕಿಗೆ ಒಂದು ಚಿನ್ನದ ನಾಣ್ಯದ ಬೆಲೆಗೆ ಒಂದು ಅಂಕ. ನಿಯಮದಲ್ಲೇ ಸರಕಿನ ಬೆಲೆ ಇದೆ. ಶುಂಠಿ ಪೌಂಡಿಗೆ 1 ಚಿನ್ನ, ಕರಿಮೆಣಸು 2. ಐವತ್ತು ಕಿಲೋ ಮೆಣಸಿನ ಮೂಟೆ ಸುಮಾರು 110 ಪೌಂಡು, ಅಂದರೆ 220 ಅಂಕ. ನಾಲ್ಕು ಗಾಬ್ಲಿನ್‌ಗಿಂತ ಜಾಸ್ತಿ! ಅಂದಿನಿಂದ ನಮ್ಮ ವೀರರು ಕತ್ತಿ ಬಿಟ್ಟು ಹೇಸರಗತ್ತೆ ಕೊಳ್ಳುವ ಮಾತಾಡುತ್ತಿದ್ದಾರೆ. ಹೊಳೆ ತುಂಬಿದಾಗ ಮೂಟೆ ನೆನೆಯದ ಹಾಗೆ ದಾಟಿಸುವುದು ಹೇಗೆ ಅಂತ ಒಂದು ಇಡೀ ಸಂಜೆ ಚರ್ಚೆ ಆಯಿತು. ಅಷ್ಟು ಖುಷಿ ಯಾವ ಯುದ್ಧದಲ್ಲೂ ಸಿಕ್ಕಿರಲಿಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ. ಕ್ಲಾಸ್‌ಗಳಿಗೆ ಮಾತ್ರ ಆದರೆ ನಾಲ್ಕೂವರೆ. ನಾನೂರು ಪುಟದ ಆಸುಪಾಸು ಇದೆ, ಎಲ್ಲ ಪ್ರಿಂಟ್ ಹಾಕಿಸಬೇಡಿ. ಕ್ಲಾಸ್‌ಗಳು, ಎಕ್ಸ್‌ಪಿ ಪಟ್ಟಿ, ಸರಕಿನ ಬೆಲೆ ಸಾಕು, ಮಂತ್ರಗಳು ಬೇಕಾದಷ್ಟೇ. ಸ್ಪೈರಲ್ ಬೈಂಡಿಂಗ್ ಮಾಡಿಸಿ, ಅಂಟಿಸಿದ್ದು ಈ ತೇವಕ್ಕೆ ಬಿಟ್ಟುಕೊಳ್ಳುತ್ತೆ.

ಸರಕಿನ ಪಟ್ಟಿಯಲ್ಲಿ ಕಾಫಿ ಇಲ್ಲ, ಏಲಕ್ಕಿಯೂ ಇಲ್ಲ. ಏಲಕ್ಕಿಗೆ ಪೌಂಡಿಗೆ 15 ಚಿನ್ನ ಬೇಕು ಅಂತ ಭಾವನ ಹಠ, ಅದು ಕೇಸರಿಯ ರೇಟು. ನಾನು ಲವಂಗದ ರೇಟು 3ಕ್ಕೆ ನಿಂತಿದ್ದೇನೆ. ಭಾವ ಇನ್ನೂ ಒಪ್ಪಿಲ್ಲ.