ಕರಾವಳಿಯ ಹವೆಗೆ ಥ್ರಸ್ಟ್‌ಮಾಸ್ಟರ್ ಟಿ.16000ಎಂ ತಾಳುತ್ತದೆಯೇ?

ಸುರತ್ಕಲ್, ಉಳ್ಳಾಲ, ಮಲ್ಪೆಯಂಥ ಕಡಲಬದಿಯಲ್ಲಿ ಕೂತು ವಾರ್ ಥಂಡರ್ ಅಥವಾ ಡಿಸಿಎಸ್‌ನಂಥ ಯುದ್ಧವಿಮಾನದ ಕಂಪ್ಯೂಟರ್ ಆಟ ಆಡುವವರು ಜಾಯ್‌ಸ್ಟಿಕ್ಕಿನ ಬಟನ್ ಎಣಿಸುವ ಮೊದಲು ಒಳಗಿನ ಸೆನ್ಸರ್ ಯಾವುದೆಂದು ಕೇಳಬೇಕು. ಆ ಪರೀಕ್ಷೆಯಲ್ಲಿ ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ.16000ಎಂ ಜಾಯ್‌ಸ್ಟಿಕ್ ಅರ್ಧ ಮಾತ್ರ ಪಾಸು.

ಪಿಚ್ (ಮೂಗು ಮೇಲೆ ಕೆಳಗೆ), ರೋಲ್ (ರೆಕ್ಕೆ ಎಡಕ್ಕೆ ಬಲಕ್ಕೆ ವಾಲುವುದು) ಎರಡಕ್ಕೂ ಇದರಲ್ಲಿರುವುದು ಅಯಸ್ಕಾಂತದ ನೆರವಿನಿಂದ ಕೋಲಿನ ಸ್ಥಾನ ಅಳೆಯುವ ಹಾಲ್ ಸೆನ್ಸರ್. ಅಯಸ್ಕಾಂತವೂ ಸೆನ್ಸರೂ ಒಂದನ್ನೊಂದು ಮುಟ್ಟುವುದಿಲ್ಲ, ಹಾಗಾಗಿ ಸವೆತವಿಲ್ಲ. ಈ ಎರಡು ಅಕ್ಷಗಳಿಗೆ ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದ ಜಾಗ) ಹೆಚ್ಚುಕಡಿಮೆ ಸೊನ್ನೆಯಲ್ಲೇ ಇಡಬಹುದು. ನಡುಭಾಗದ ಚಲನೆಯನ್ನು ಮೆತ್ತಗಾಗಿಸುವ ಕರ್ವ್ ಮಾತ್ರ ಬೇಕು: ನಿಜವಾದ ಕಾಕ್‌ಪಿಟ್ಟಿನ ಉದ್ದ ಕೋಲಿನ ಚಲನೆಯನ್ನು ಮೇಜಿನ ಮೇಲಿನ ಗಿಡ್ಡ ಕೋಲು ಕೆಲವೇ ಸೆಂಟಿಮೀಟರಿನಲ್ಲಿ ಮುಗಿಸುತ್ತದೆ. ಸ್ಪಿಟ್‌ಫೈರ್ ಯುದ್ಧವಿಮಾನದಲ್ಲಿ ಮೂಗು ಎತ್ತಿಳಿಸುವ ಎಲಿವೇಟರ್ ಮೊದಲೇ ಬಲು ಹಗುರ. ಕರ್ವ್ ಇಲ್ಲದೆ ತಿರುವಿನಲ್ಲಿ ಎಳೆದರೆ ಸ್ಟಾಲ್ ಆಗಿ (ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಎದುರಾಳಿಗೆ ಬೆನ್ನು ಕೊಟ್ಟ ಹಾಗೆ. ಡಿಸಿಎಸ್‌ನ ಆ್ಯಕ್ಸಿಸ್ ಟ್ಯೂನ್‌ನಲ್ಲಿ ಪಿಚ್‌ಗೆ ಕರ್ವೇಚರ್ 15ರಿಂದ 20, ವಾರ್ ಥಂಡರ್‌ನಲ್ಲಿ ನಾನ್‌ಲೀನಿಯಾರಿಟಿ 1.5ರಿಂದ ಶುರುಮಾಡಿ.

ತೊಂದರೆಯೆಲ್ಲ ಹಿಡಿ ತಿರುಚಿ, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಆಡಿಸುವಲ್ಲಿ. ಅಲ್ಲಿರುವುದು ಪೊಟೆನ್ಷಿಯೋಮೀಟರ್, ಪಟ್ಟಿಯ ಮೇಲೆ ಉಜ್ಜುವ ಸಂಪರ್ಕ ಸವೆಯುತ್ತದೆ, ತೇವ ಮತ್ತು ಧೂಳಿಗೆ ಕೊಳೆಯಾಗುತ್ತದೆ. ಗುರಿ ಹಿಡಿದು ಟ್ರಿಗರ್ ಒತ್ತುವ ಹೊತ್ತಿಗೆ ವಿಮಾನದ ಮೂಗು ತಾನಾಗಿ ಅತ್ತಿತ್ತ ಸರಿದರೆ ಪಿಂಗನ್ನು (ನೆಟ್ಟಿನ ವಿಳಂಬವನ್ನು) ಬಯ್ಯುವ ಮುನ್ನ ವಿಂಡೋಸ್ ಕೀ ಜೊತೆ ಆರ್ ಒತ್ತಿ joy.cpl ಎಂದು ಬರೆದು, ಜಾಯ್‌ಸ್ಟಿಕ್ ಪರೀಕ್ಷಿಸುವ ಕಿಟಕಿ ತೆರೆಯಿರಿ. ಕೈ ಬಿಟ್ಟಿದ್ದರೂ ತಿರುಚುವ ಅಕ್ಷದ ಪಟ್ಟಿ ನಡುಗುತ್ತಿದ್ದರೆ ದೋಷ ಅಲ್ಲೇ. ಮೊದಲು ಡೆಡ್‌ಝೋನ್ 5ಕ್ಕೆ ಏರಿಸಿ ನೋಡಿ. ಸಾಲದಿದ್ದರೆ, ವಾರಂಟಿ ಮುಗಿದಿದ್ದರೆ ಮಾತ್ರ, ಯುಎಸ್‌ಬಿ ಕಿತ್ತು, ಬಿಚ್ಚಿ, ಎಲೆಕ್ಟ್ರಾನಿಕ್ಸ್‌ಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಪೊಟೆನ್ಷಿಯೋಮೀಟರಿನ ಸಂದಿಗೆ ಒಂದೆರಡು ಸಲ ಚಿಮ್ಮಿಸಿ. ತುದಿಯಿಂದ ತುದಿಗೆ ಮೂವತ್ತು ನಲವತ್ತು ಬಾರಿ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬಾಗಿಲ ಕೀಲಿಗೆ ಹೊಡೆಯುವ ಮಾಮೂಲಿ ಸ್ಪ್ರೇ ಬೇಡ, ಅದರ ಎಣ್ಣೆಪಸೆ ಮತ್ತೆ ಧೂಳು ಹಿಡಿಯುತ್ತದೆ. ಪಟ್ಟಿಯೇ ಸವೆದಿದ್ದರೆ ಯಾವ ಕ್ಲೀನರೂ ಉಳಿಸದು.

ಎಂಜಿನ್ ಶಕ್ತಿ ಏರಿಳಿಸುವ, ಅದೇ ಕಂಪನಿಯ ಟಿಡಬ್ಲ್ಯುಸಿಎಸ್ ಥ್ರಾಟಲ್ ಸಮೇತ ಕೊಂಡರೆ ಒಂದು ಅನುಕೂಲವುಂಟು: ಅದರ ಮುಂಭಾಗದ ರಾಕರ್‌ಗೆ ರಡ್ಡರ್ ವಹಿಸಿ ತಿರುಚುವ ಅಕ್ಷವನ್ನು ಸೆಟ್ಟಿಂಗ್ಸ್‌ನಿಂದಲೇ ಅಳಿಸಬಹುದು. ಆದರೆ ಥ್ರಾಟಲ್ ಜಾರುವ ಹಳಿಗೆ ಬಳಿದ ಗ್ರೀಸ್ ಅಂಟಂಟು, ಫಾರ್ಮೇಶನ್ ಹಾರಾಟಕ್ಕೆ ಬೇಕಾದ ಸಣ್ಣ ಚಲನೆ ತಡೆತಡೆದು ಬರುತ್ತದೆ. ಒರೆಸಿ ತೆಗೆದು ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದರೆ ಸರಿಹೋಗುತ್ತದೆ.

ಜಾಯ್‌ಸ್ಟಿಕ್ಕಿನಲ್ಲಿ ಬಟನ್ 16. ವಾರ್ ಥಂಡರ್‌ನ ಸಿಮ್ಯುಲೇಟರ್ ಮೋಡ್‌ಗೆ ಸಾಕು. ಡಿಸಿಎಸ್‌ನಲ್ಲಿ ಉಚಿತವಾಗಿ ಸಿಗುವ ಎಸ್‌ಯು-25ಟಿ ವಿಮಾನಕ್ಕೆ ಸಾಲದು, ಒಂದನ್ನು ಮಾಡಿಫೈಯರ್ (ಒತ್ತಿ ಹಿಡಿದರೆ ಉಳಿದ ಬಟನ್‌ಗಳಿಗೆ ಎರಡನೇ ಕೆಲಸ ಕೊಡುವ ಬಟನ್) ಮಾಡಿಕೊಳ್ಳಲೇಬೇಕು. ಬುಡ ಹಗುರ, ಕೆಳಗೊಂದು ರಬ್ಬರ್ ಮ್ಯಾಟ್ ಹಾಕಿ.

ಮಳೆಗಾಲದ ಆಟಿ ತಿಂಗಳಲ್ಲಿ ಆಡದ ದಿನ ಸಿಲಿಕಾ ಜೆಲ್ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಕರೆಂಟ್ ಕಣ್ಣುಮಿಟುಕಿಸಿದರೆ ಲ್ಯಾಪ್‌ಟಾಪ್ ಉಳಿದರೂ ರೂಟರ್ ಆರಿ ಸರ್ವರ್‌ನಿಂದ ಹೊರಬೀಳುತ್ತೀರಿ. ಮಿನಿ ಯುಪಿಎಸ್ ಕೊಳ್ಳುವಾಗ ರೂಟರ್ ಜೊತೆ ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದರ ವೋಲ್ಟೇಜ್, ಆಂಪಿಯರನ್ನೂ ನೋಡಿಕೊಳ್ಳಿ.

ಬಜೆಟ್ ಹಿಗ್ಗಿಸಬಲ್ಲವರಿಗೆ ವಿಕೆಬಿ ಗ್ಲಾಡಿಯೇಟರ್ ಎನ್ಎಕ್ಸ್‌ಟಿ ಇವೊ ಜಾಯ್‌ಸ್ಟಿಕ್ ಉತ್ತಮ, ಅದರಲ್ಲಿ ತಿರುಚುವ ಅಕ್ಷಕ್ಕೂ ಸ್ಪರ್ಶವಿಲ್ಲದ ಸೆನ್ಸರ್ ಇದೆ. ಹೊರದೇಶದಿಂದ ತರಿಸುವುದಾದರೆ ಸಾಗಣೆ, ಆಮದು ಸುಂಕ ಕೂಡಿಸಿಯೇ ಬೆಲೆ ಹೋಲಿಸಿ.