ಬೀಡಿ ಕಟ್ಟಿನ ಮೇಲಿರುವ ಆ ನಂಬರ್: ಫೋನ್ ಮಾಡಿದರೆ ಏನಾಗುತ್ತೆ?

ಬೀಡಿ, ಸಿಗರೇಟು, ಜಗಿಯುವ ತಂಬಾಕು, ಯಾವ ಪ್ಯಾಕೆಟ್ ಬೇಕಾದರೂ ನೋಡಿ. ಹೆದರಿಸುವ ಚಿತ್ರದ ಜೊತೆ ಒಂದು ನಂಬರ್ ಇರುತ್ತದೆ: 1800-11-2356. 2018ರಿಂದ ಅಚ್ಚಾಗುತ್ತಿದೆ. ಸಕಲೇಶಪುರದ ನಮ್ಮ ಮನೆಯಲ್ಲಿ ದಿನಾ ಬೀಡಿ ಕಟ್ಟು ಬಿಚ್ಚುತ್ತಿದ್ದ ಅಪ್ಪನೂ ನೋಡಿರುತ್ತಾರೆ. ಅದಕ್ಕೆ ಫೋನ್ ಮಾಡಿದವರನ್ನು ಮಾತ್ರ ನಾನು ಕಂಡಿರಲಿಲ್ಲ. ಅಪ್ಪ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದ ಮೇಲೆ ಚಿಕ್ಕಪ್ಪನ ಕೈಲಿ ಮಾಡಿಸಿದೆ.

ಇದು ತಂಬಾಕಿನ ಚಟ ಬಿಡಲು ನೆರವಾಗುವ ಕೇಂದ್ರ ಸರ್ಕಾರದ ಸೇವೆ. ಕರೆಗೆ ದುಡ್ಡಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8, ಸೋಮವಾರ ರಜೆ. ನಮ್ಮ ಕಡೆಯ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಕೇಂದ್ರವಿದೆ. ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಪ್ಪ ಎಸ್ಟೇಟಿನಲ್ಲಿ ರೈಟರ್. ಹತ್ತಾರು ಜನರಿಗೆ ಗದರಿಸಿ ಕೆಲಸ ಮಾಡಿಸುವ ಆಸಾಮಿ. "ನಂಗೆ ಯಾರೋ ಫೋನಲ್ಲಿ ಬುದ್ಧಿ ಹೇಳ್ಬೇಕಾ ಮಗಾ?" ಅಂದರು. ಬುದ್ಧಿ ಯಾರೂ ಹೇಳಲಿಲ್ಲ. ನನಗೆ ಹಿಡಿಸಿದ್ದೇ ಅದು. ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತೀರಿ, ಹಿಂದೆ ಯಾವಾಗಲಾದರೂ ಬಿಟ್ಟು ನೋಡಿದ್ರಾ, ಯಾವ ಹೊತ್ತಲ್ಲಿ ಜಾಸ್ತಿ ಬೇಕು ಅನ್ನಿಸುತ್ತೆ ಅಂತ ಕೇಳಿದರು. "ಕಾಫಿ ಕುಡಿದ ಕೂಡ್ಲೇ" ಅಂದರು ಚಿಕ್ಕಪ್ಪ. ಹಾಗಾದರೆ ಲೋಟ ಹಿಡಿದು ಹಿತ್ತಲಿಗೆ ಹೋಗಬೇಡಿ, ಒಳಗೇ ಕೂತು ಕುಡಿಯಿರಿ ಅಂತ ಸಲಹೆ ಬಂತು. ಆಸೆ ಎಳೆದಾಗ ನಿಧಾನಕ್ಕೆ ನೀರು ಕುಡಿಯಿರಿ, ಕೆಲವು ನಿಮಿಷ ತಳ್ಳಿದರೆ ಸಾಕು, ಇಳಿಯುತ್ತೆ ಅಂದರು. ಬಿಡುವ ದಿನವನ್ನು ಚಿಕ್ಕಪ್ಪನೇ ಗೊತ್ತು ಮಾಡಿದರು. ಊರ ಹಬ್ಬದ ಮಾರನೇ ದಿನವಂತೆ, ಅದರಲ್ಲೂ ಚೌಕಾಸಿ! ಆಮೇಲೆ ಆ ಕೇಂದ್ರದವರೇ ಫೋನ್ ಮಾಡಿ ವಿಚಾರಿಸಿದರು.

"ಈ ವಯಸ್ಸಲ್ಲಿ ಬಿಟ್ಟು ಏನು?" ಅನ್ನುವವರಿಗೆ ಒಂದು ಲೆಕ್ಕ. ಬಿಟ್ಟು 10 ವರ್ಷವಾದರೆ, ಸೇದುತ್ತಲೇ ಇರುವವರಿಗಿಂತ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆದರೆ ಈ ಫೋನು ಚಟ ಬಿಡಿಸೋಕೆ, ರೋಗ ಪತ್ತೆಗಲ್ಲ. ಅಪ್ಪನ ಕೆಮ್ಮಿಗೆ ಮೊದಲು ತೋರಿಸಿದ ಕಡೆ ಟಿಬಿ ಅಂದುಕೊಂಡು ಮಾತ್ರೆ ನುಂಗಿಸಿದರು. ಎಕ್ಸ್‌ರೇಯಲ್ಲಿ ಟಿಬಿ, ಕ್ಯಾನ್ಸರ್ ಎರಡೂ ಒಂದೇ ತರ ಕಾಣಬಹುದು, ನಿಜ. ಆದರೂ ಕಫ ಪರೀಕ್ಷೆಯಲ್ಲಿ ಟಿಬಿ ಸಿಗದಿದ್ದಾಗ ಮುಂದೆ ನೋಡಬೇಕಿತ್ತು ಅಲ್ವಾ? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮುಟ್ಟುವಾಗ ಕಾಯಿಲೆ ಮೂಳೆಗೂ ಹರಡಿತ್ತು. ಕೆಮ್ಮು 3 ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರ ಹತ್ತಿರ ಹೋಗಿ. ಮಾತ್ರೆಗೆ ಬಗ್ಗದಿದ್ದರೆ ಸಿಟಿ ಸ್ಕ್ಯಾನ್ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಬೀಡಿಯನ್ನೇ ಮುಟ್ಟದವರಿಗೂ ಈ ಕ್ಯಾನ್ಸರ್ ಬರುತ್ತದೆ, ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿಗೂ.

ಸೇವೆಗೆ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಸೋಮವಾರದ ರಜೆಗೆ. ಭಾನುವಾರ ಆಣೆ ಹಾಕಿ ಬಿಟ್ಟವರಿಗೆ ಕೈ ತುರಿಸುವುದು ಸೋಮವಾರವೇ ತಾನೇ?